ಮೂರು ಸಲ ಕರೆದ ಮೇಲೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಹೈಸ್ಕೂಲುಗಳಲ್ಲಿ ಓದಿದ ಯಾರನ್ನಾದರೂ ಹಿಡಿದು, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಓದಿದ್ದು ಏನು ನೆನಪಿದೆ ಅಂತ ಕೇಳಿ. ವ್ಯಾಕರಣ ಹೋಗಿರುತ್ತದೆ. ಕಣ್ಣಲ್ಲಿ ಕಂಡೇ ಇರದ ಡ್ಯಾಫೊಡಿಲ್ ಹೂಗಳ ಪದ್ಯದ ಒಂದೆರಡು ಸಾಲು ಉಳಿದಿರಬಹುದು. ಆದರೆ ‘ಆ ಮಂಗನ ಕೈ ಕಥೆ’ ಅಂದು ನೋಡಿ, ಒರಗಿ ಕೂತವರು ಎದ್ದು ನೆಟ್ಟಗೆ ಕೂರುತ್ತಾರೆ. ‘ಕೊನೇಲಿ ಯಾರೋ ಬಾಗಿಲು ತಟ್ತಾರಲ್ಲ, ಅದೇ ತಾನೆ?’ ಅನ್ನುತ್ತಾರೆ. ಬರೆದವರ ಹೆಸರು ಮರೆತಿರುತ್ತಾರೆ, ಪಾತ್ರಗಳ ಹೆಸರು ಮರೆತಿರುತ್ತಾರೆ. ಬಾಗಿಲು ತಟ್ಟಿದ್ದನ್ನು ಮಾತ್ರ ಮರೆತಿರುವುದಿಲ್ಲ.

ಹೆದರಿದ್ದು ಯಾವತ್ತೂ ಮರೆಯುವುದಿಲ್ಲ ಬಿಡಿ ಅಂತ ಇದಕ್ಕೆ ಸುಲಭದ ಉತ್ತರ ಕೊಡಬಹುದು. ನನಗೆ ಅದು ಸಾಲದು. ನಮಗೇನು ದೆವ್ವಗಳ ಬರ ಇರಲಿಲ್ಲ. ಚಂದಮಾಮದಲ್ಲಿ ತಿಂಗಳು ತಿಂಗಳೂ ಬೇತಾಳ ಬರುತ್ತಿತ್ತು. ಛಲ ಬಿಡದ ತ್ರಿವಿಕ್ರಮ ಹೆಣವನ್ನು ಹೆಗಲಿಗೇರಿಸಿಕೊಂಡು ಸ್ಮಶಾನದ ಕಡೆ ನಡೆಯುವ ಆ ಚಿತ್ರ, ಶಂಕರ್ ಬಿಡಿಸಿದ್ದು, ಇವತ್ತಿಗೂ ಕಣ್ಣ ಮುಂದಿದೆ. ಆದರೆ ಅದನ್ನು ಓದಿ ನಾನು ನಿದ್ದೆಗೆಟ್ಟ ನೆನಪಿಲ್ಲ. ಬೇತಾಳ ಮಾತಾಡುತ್ತದೆ, ಕಥೆ ಹೇಳುತ್ತದೆ, ನ್ಯಾಯ ಕೇಳುತ್ತದೆ. ರಾಜ ಉತ್ತರ ಕೊಡುತ್ತಾನೆ, ಮೌನ ಮುರಿಯುತ್ತದೆ, ಹೆಣ ಮರಕ್ಕೆ ವಾಪಸ್. ಲೆಕ್ಕ ಚುಕ್ತಾ. ಆ ತಿಂಗಳ ಭಯ ಆ ತಿಂಗಳಿಗೇ ಮುಗಿಯಿತು.

ಇಂಗ್ಲಿಷ್ ಪಾಠದ ಕಥೆಗಳು ಹಾಗೆ ಮುಗಿಯುತ್ತಿರಲಿಲ್ಲ. ಅವು ನಮ್ಮನ್ನು ಒಂದು ಬಾಗಿಲವರೆಗೆ ಕರೆದುಕೊಂಡು ಹೋಗಿ ಅಲ್ಲೇ ಬಿಟ್ಟುಬಿಡುತ್ತಿದ್ದವು. ಆಚೆ ಏನಿದೆ ಅಂತ ಹೇಳುತ್ತಿರಲಿಲ್ಲ. ಹೇಳದೆ ಬಿಟ್ಟದ್ದನ್ನು ನಾವು ಮನೆಗೆ ತಂದೆವು. ರಾತ್ರಿ ದೀಪ ಆರಿಸಿದ ಮೇಲೆ ನಮಗೆ ಕಾಣುತ್ತಿದ್ದದ್ದು ಇಂಗ್ಲೆಂಡಿನ ಯಾವುದೋ ಮನೆಯ ಬಾಗಿಲಲ್ಲ, ನಮ್ಮ ಮನೆಯದೇ ಬಾಗಿಲು, ಅದೇ ಮೇಲಿನ ಚಿಲಕ, ಅದೇ ಬಣ್ಣ ಎದ್ದ ಹಲಗೆ. ದೂರದ ಊರಿನವರು ಬರೆದ ಕಥೆಗಳು ನಮ್ಮವಾದದ್ದು ಹೀಗೆ ಅಂತ ನಾನು ನಂಬಿದ್ದೇನೆ.

ನಮ್ಮದು ರಾಜಾಜಿನಗರದ ಕಡೆಯ ಕನ್ನಡ ಮಾಧ್ಯಮದ ಶಾಲೆ. ಇಂಗ್ಲಿಷ್ ಎರಡನೇ ಭಾಷೆ. ಮೇಡಂ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದರು, ನಿಲ್ಲಿಸುತ್ತಿದ್ದರು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದರು. ಬೇರೆ ಪಾಠಗಳಿಗೆ ಇದು ಬೇಸರದ ಕ್ರಮ. ಭಯದ ಕಥೆಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಇಂಗ್ಲಿಷ್ ವಾಕ್ಯ ಮುಗಿದಾಗ ಅರ್ಧ ಗೊತ್ತಾಗಿರುತ್ತಿತ್ತು. ಏನೋ ಕೆಟ್ಟದ್ದು ಆಗಿದೆ, ಏನು ಅಂತ ತಿಳಿಯದು. ಆ ಎರಡು ಕ್ಷಣದ ಮೌನದಲ್ಲಿ ನಲವತ್ತು ಐವತ್ತು ಮಕ್ಕಳು ಉಸಿರು ಬಿಗಿಹಿಡಿದು ಮೇಡಂ ಬಾಯನ್ನೇ ನೋಡುತ್ತಿದ್ದೆವು. ಕನ್ನಡದಲ್ಲಿ ಅರ್ಥ ಬಿದ್ದಾಗ ಹಿಂದಿನ ಬೆಂಚಿನಿಂದ ‘ಅಯ್ಯೋ’ ಅನ್ನುವ ಸದ್ದು ಬರುತ್ತಿತ್ತು.

ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಅವರ ‘ದಿ ಮಂಕೀಸ್ ಪಾ’ ಪ್ರಕಟವಾದದ್ದು 1902ರಲ್ಲಿ. ಜೇಕಬ್ಸ್ ಲಂಡನ್ನಿನ ವ್ಯಾಪಿಂಗ್‌ನಲ್ಲಿ, ಥೇಮ್ಸ್ ನದಿಯ ಹಡಗುಕಟ್ಟೆಗಳ ಮಗ್ಗುಲಲ್ಲಿ ಬೆಳೆದವರು. ಬಹಳ ವರ್ಷ ಅಂಚೆ ಇಲಾಖೆಯ ಉಳಿತಾಯ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಹೆಸರು ಮಾಡಿದ್ದು ನಾವಿಕರ ತಮಾಷೆ ಕಥೆಗಳಿಂದ. ಜನ ಇವತ್ತು ಅವರನ್ನು ನೆನೆಯುವುದು ಮಾತ್ರ ಈ ಒಂದು ಕಥೆಯಿಂದ. ಗೊತ್ತಿಲ್ಲದವರಿಗೆ ಎರಡೇ ಮಾತು: ವೈಟ್ ದಂಪತಿ ಮತ್ತು ಅವರ ಮಗ ಹರ್ಬರ್ಟ್ ಮಳೆಗಾಳಿಯ ರಾತ್ರಿ ಮನೆಯಲ್ಲಿದ್ದಾರೆ. ಇಪ್ಪತ್ತೊಂದು ವರ್ಷ ಇಂಡಿಯಾದಲ್ಲಿ ಸೈನ್ಯದ ಕೆಲಸ ಮಾಡಿ ಬಂದ ಸಾರ್ಜೆಂಟ್ ಮೇಜರ್ ಮಾರಿಸ್ ಒಂದು ಒಣಗಿದ ಮಂಗನ ಪಂಜ ತರುತ್ತಾನೆ. ಮೂರು ಜನರಿಗೆ ಮೂರು ಮೂರು ವರ ಕೊಡುವ ಪಂಜ. ವೈಟ್ ಇನ್ನೂರು ಪೌಂಡ್ ಕೇಳುತ್ತಾನೆ. ಮಾರನೆಯ ದಿನ ಹರ್ಬರ್ಟ್ ಕೆಲಸದ ಜಾಗದಲ್ಲಿ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಕಂಪನಿಯವರು ಪರಿಹಾರ ಕೊಡುತ್ತಾರೆ. ಸರಿಯಾಗಿ ಇನ್ನೂರು ಪೌಂಡ್. ಎರಡನೇ ವರವಾಗಿ ತಾಯಿ, ಮಗನನ್ನು ವಾಪಸ್ ಕೇಳು ಅನ್ನುತ್ತಾಳೆ. ಕೇಳುತ್ತಾನೆ. ರಾತ್ರಿ ಬಾಗಿಲು ತಟ್ಟುವ ಸದ್ದು.

ಮೇಡಂ ಅಲ್ಲಿಗೆ ಬಂದಾಗ ಬೆಲ್ ಹೊಡೆಯಿತು. ಶನಿವಾರ, ಅರ್ಧ ದಿನದ ಶಾಲೆ. ಪುಸ್ತಕ ಮಡಚಿ ‘ಉಳಿದದ್ದು ಸೋಮವಾರ’ ಅಂದರು. ಕೆಲವರು ಮುಂದಿನ ಪುಟ ತಾವೇ ಓದಲು ನೋಡಿದರು, ಮೇಡಂ ಹೇಳದೆ ಅರ್ಥವಾಗಲಿಲ್ಲ.

ಆಗ ನಾವಿದ್ದದ್ದು ಶ್ರೀರಾಮಪುರದ ಒಂದು ವಠಾರದಲ್ಲಿ. ಎದುರು ಮನೆಯಲ್ಲೇ ದೊಡ್ಡಮ್ಮ, ದೊಡ್ಡಪ್ಪ. ಅವರ ಮಗ, ನಮ್ಮೆಲ್ಲರ ಅಣ್ಣ, ಅದಕ್ಕೂ ಕೆಲವು ವರ್ಷ ಮೊದಲು ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಆ ಶನಿವಾರ ರಾತ್ರಿ ಕರೆಂಟ್ ಹೋಗಿತ್ತು. ಮೇಣದಬತ್ತಿ ಹಚ್ಚಿಟ್ಟುಕೊಂಡು ದೊಡ್ಡಮ್ಮ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು, ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ನಾನು ಕಥೆ ಹೇಳತೊಡಗಿದೆ. ಯಾರಿಗೆ ಹೇಳುತ್ತಿದ್ದೇನೆ ಅನ್ನುವುದು ಆ ವಯಸ್ಸಿಗೆ ಹೊಳೆದಿರಲಿಲ್ಲ. ಹೇಳಿ ಬಾಗಿಲವರೆಗೆ ಬಂದೆ. ದೊಡ್ಡಮ್ಮನ ಬೆರಳು ನಿಂತಿತ್ತು.

‘ಹೋಗಿ ಎಷ್ಟು ದಿನ ಆಗಿತ್ತಂತೆ?’ ಅಂದರು.

‘ಹತ್ತು ದಿನ.’

‘ಹತ್ತಾ? ಹಾಗಾದ್ರೆ ಇನ್ನೂ ಇಲ್ಲೇ ಇದ್ದ.’

ನನಗೆ ಅರ್ಥವಾಗಲಿಲ್ಲ, ಕೇಳಿದೆ. ಹತ್ತನೇ ದಿನದ ಕರ್ಮ ಮುಗಿಯುವ ತನಕ ಜೀವ ಮನೆಯ ಸುತ್ತಲೇ ಸುತ್ತುತ್ತಿರುತ್ತದೆ, ಹಸಿವು ಬಾಯಾರಿಕೆ ಎಲ್ಲಾ ಇರುತ್ತದೆ, ಅದಕ್ಕೇ ಪಿಂಡ ಇಟ್ಟು ಕಾಗೆ ಬರಲಿ ಅಂತ ಕಾಯುವುದು, ಹನ್ನೊಂದು ಹನ್ನೆರಡು ಕಳೆದ ಮೇಲೆಯೇ ಹಿರಿಯರ ಜೊತೆ ಸೇರುವುದು ಅಂತ ದೊಡ್ಡಮ್ಮ ನಿಧಾನವಾಗಿ ಹೇಳಿದರು. ಆಮೇಲೆ, ‘ಬಾಗಿಲು ತೆಗೆದ್ರಾ?’

‘ಗೊತ್ತಿಲ್ಲ ದೊಡ್ಡಮ್ಮ. ಸೋಮವಾರ ಹೇಳ್ತಾರೆ.’

ಸೋಮವಾರ ಮೇಡಂ ಮುಂದುವರಿಸಿದರು. ತಾಯಿ ಕೆಳಗೆ ಓಡುತ್ತಾಳೆ. ಬಾಗಿಲಿನ ಸರಪಳಿ ತೆಗೆಯುತ್ತಾಳೆ, ಕೆಳಗಿನ ಚಿಲಕ ತೆಗೆಯುತ್ತಾಳೆ, ಮೇಲಿನ ಚಿಲಕ ಕೈಗೆಟುಕದೆ ಕುರ್ಚಿ ಎಳೆಯುತ್ತಾಳೆ. ಮೇಲೆ ಗಂಡ ಕತ್ತಲಲ್ಲಿ ನೆಲ ತಡಕಾಡಿ ಪಂಜ ಹುಡುಕುತ್ತಿದ್ದಾನೆ. ಸಿಗುತ್ತದೆ. ಮೂರನೇ ವರ ಕೇಳುತ್ತಾನೆ. ತಟ್ಟುವ ಸದ್ದು ತಟ್ಟನೆ ನಿಲ್ಲುತ್ತದೆ. ಬಾಗಿಲು ತೆರೆದಾಗ ತಣ್ಣನೆ ಗಾಳಿ ಒಳಗೆ ಬರುತ್ತದೆ, ಹೆಂಡತಿ ಗೋಳಾಡುತ್ತಾಳೆ, ಎದುರಿಗೆ ಬೀದಿದೀಪ, ಖಾಲಿ ರಸ್ತೆ. ಕ್ಲಾಸಿನಲ್ಲಿ ಎಲ್ಲರೂ ಅಬ್ಬ ಅಂತ ಉಸಿರು ಬಿಟ್ಟೆವು. ಒಳ್ಳೆಯದಾಯಿತು, ಅದು ಒಳಗೆ ಬರಲಿಲ್ಲ ಅಂತ.

ಸಂಜೆ ದೊಡ್ಡಮ್ಮನಿಗೆ ಹೇಳಿದೆ. ಅವರು ಉಸಿರು ಬಿಡಲಿಲ್ಲ. ‘ಬೇಡ ಅನ್ನೋಕೆ ಅವನ್ಯಾರು? ಕೈ ಇಲ್ದೆ ಬರ್ಲಿ, ಮುಖ ಇಲ್ದೆ ಬರ್ಲಿ, ಬಂದೋನು ಮಗ ತಾನೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅವನು ಹೆಣ ನೋಡಿದ್ದ, ಅಲ್ವಾ?’ ಅಂತ ಕೇಳಿದರು. ನಾನು ಹೌದು ಅಂದೆ. ಬಟ್ಟೆಯಿಂದ ಮಾತ್ರ ಗುರುತು ಹಿಡಿದೆ ಅಂತ ಕಥೆಯಲ್ಲಿ ಗಂಡ ಹೆಂಡತಿಗೆ ಹೇಳುತ್ತಾನೆ. ‘ನಿಮ್ಮ ದೊಡ್ಡಪ್ಪನೂ ನೋಡಿದ್ರು. ನನಗೆ ತೋರಿಸ್ಲಿಲ್ಲ’ ಅಂದು ದೊಡ್ಡಮ್ಮ ಒಳಗೆ ಹೋದರು.

ಈ ಕಥೆಯ ಬಗ್ಗೆ ಆಮೇಲೆ ನಾನು ಓದಿದ ಯಾವ ವಿಮರ್ಶೆಯೂ ಅಷ್ಟು ಹತ್ತಿರ ಹೋಗಿದ್ದು ನೋಡಿಲ್ಲ. ವಿಧಿಯ ಜೊತೆ ಆಟವಾಡಬಾರದು ಅನ್ನುವುದು ಗೈಡುಗಳು ಹೇಳುವ ನೀತಿ, ಕಥೆಯಲ್ಲಿ ಆ ಪಂಜಕ್ಕೆ ಮಂತ್ರ ಹಾಕಿದ ಫಕೀರನೂ ಅದನ್ನೇ ತೋರಿಸಲು ಹೊರಟವನು. ಆದರೆ ಆ ಕೊನೆಯ ಪುಟದಲ್ಲಿರುವುದು ಹೆಣ ನೋಡಿದ ಒಬ್ಬ ಅಪ್ಪ, ನೋಡದ ಒಬ್ಬ ಅಮ್ಮ. ನೋಡಿದವನಿಗೆ ಬಾಗಿಲ ಆಚೆ ಇರುವುದು ಯಂತ್ರ ಅರೆದು ಹಾಕಿದ ದೇಹ. ನೋಡದವಳಿಗೆ ಮಗ. ಇಬ್ಬರೂ ಸರಿ. ಒಬ್ಬರಿಗೆ ಚಿಲಕ ತೆಗೆಯದೆ ವಿಧಿಯಿಲ್ಲ, ಇನ್ನೊಬ್ಬರಿಗೆ ತೆಗೆಯಲು ಬಿಡದೆ ವಿಧಿಯಿಲ್ಲ. ಜೇಕಬ್ಸ್ ಬಾಗಿಲ ಆಚೆ ಏನಿತ್ತು ಅಂತ ತೋರಿಸಿದ್ದರೆ ಇಬ್ಬರಲ್ಲಿ ಒಬ್ಬರು ತಪ್ಪಾಗುತ್ತಿದ್ದರು. ತೋರಿಸದೆ ಇದ್ದದ್ದು ಬರೀ ಕೈಚಳಕ ಅಲ್ಲ, ಆ ಇಬ್ಬರ ಮೇಲಿನ ಕರುಣೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಬೀದಿಯಲ್ಲಿ ಆ ಕಾಲಕ್ಕೆ ಬಾಗಿಲಿನ ಭಯ ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ‘ನಾಳೆ ಬಾ’ ಅಂತ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಕಾಲ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದೆ, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಕಥೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಇದ್ದರೆ ಓದಿಕೊಂಡು ಹೋಗುತ್ತದೆ, ನಾಳೆ ಬಂದು ಮತ್ತೆ ಓದಿಕೊಳ್ಳುತ್ತದೆ. ಕೆಲವರ ಮನೆಯಲ್ಲಿ ಅದು ಗಂಡನನ್ನು ಹುಡುಕುವ ಮದುಮಗಳು, ಕೆಲವರ ಮನೆಯಲ್ಲಿ ಬರೀ ದೆವ್ವ. ದನಿ ಮಾತ್ರ ಎಲ್ಲರ ಮನೆಯಲ್ಲೂ ಅಮ್ಮನದೋ ಅಕ್ಕನದೋ ಆಗಿರುತ್ತಿತ್ತು. ವಠಾರದ ಎಲ್ಲ ಬಾಗಿಲಲ್ಲೂ ಒಂದೇ ಎರಡು ಪದ, ಬೇರೆ ಬೇರೆ ಕೈಬರಹ. ಮಳೆಗೆ ಅಳಿಸಿದರೆ ಸಂಜೆಯೊಳಗೆ ಮತ್ತೆ ಬರೆಯಬೇಕು, ಆ ಕೆಲಸ ಮಕ್ಕಳದ್ದು.

ಅಜ್ಜಿಯಂದಿರ ಇನ್ನೊಂದು ನಿಯಮ ಇದಕ್ಕಿಂತ ಹಳೆಯದು. ರಾತ್ರಿ ಯಾರಾದರೂ ಕರೆದರೆ ಒಂದೇ ಕರೆಗೆ ಓಗೊಡಬಾರದು. ಮೂರು ಸಲ ಕರೆಯಲಿ. ದೆವ್ವ ಮೂರು ಸಲ ಕರೆಯುವುದಿಲ್ಲ, ಮನುಷ್ಯರಾದರೆ ಕರೆಯುತ್ತಾರೆ.

ಈ ನಿಯಮವನ್ನು ತಲೆಯಲ್ಲಿಟ್ಟುಕೊಂಡು ವಾಲ್ಟರ್ ಡ ಲಾ ಮೇರ್ ಅವರ ‘ದಿ ಲಿಸನರ್ಸ್’ ಪದ್ಯ ಓದಿದ ಮಕ್ಕಳ ಪಾಡು ಯೋಚಿಸಿ. 1912ರ ಪುಸ್ತಕದ ಪದ್ಯ ಅದು. ಬೆಳದಿಂಗಳ ರಾತ್ರಿ, ಕಾಡಿನ ನಡುವೆ ಒಂದು ಮನೆ. ಕುದುರೆಯ ಮೇಲೆ ಬಂದ ಪ್ರಯಾಣಿಕ ಬಾಗಿಲು ತಟ್ಟಿ, ಯಾರಾದರೂ ಇದ್ದೀರಾ ಅಂತ ಕೇಳುತ್ತಾನೆ. ಉತ್ತರ ಇಲ್ಲ. ಕುದುರೆ ಹುಲ್ಲು ಮೇಯುತ್ತದೆ, ಗೋಪುರದಿಂದ ಒಂದು ಹಕ್ಕಿ ಹಾರುತ್ತದೆ. ಎರಡನೇ ಸಲ ತಟ್ಟುತ್ತಾನೆ. ಉತ್ತರ ಇಲ್ಲ. ಒಳಗೆ ಕತ್ತಲ ಮೆಟ್ಟಿಲ ಮೇಲೆ ಮನುಷ್ಯರಲ್ಲದವರು ಗುಂಪಾಗಿ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ. ಅವನು ಮೂರನೇ ಸಲ ಇನ್ನೂ ಜೋರಾಗಿ ಬಡಿಯುತ್ತಾನೆ. ನಾನು ಬಂದಿದ್ದೆ, ಕೊಟ್ಟ ಮಾತು ಉಳಿಸಿಕೊಂಡೆ, ಯಾರೂ ಓಗೊಡಲಿಲ್ಲ ಅಂತ ಅವರಿಗೆ ಹೇಳಿ ಎಂದು ಕೂಗಿ ಹೊರಟುಹೋಗುತ್ತಾನೆ.

ಮೂರು ಸಲ ಕರೆದವನು ಮನುಷ್ಯ. ನಮ್ಮ ಅಜ್ಜಿಯ ಲೆಕ್ಕದಲ್ಲಿ ಬಾಗಿಲು ತೆರೆಯಲೇಬೇಕಿತ್ತು. ಆದರೆ ಒಳಗಿರುವವರೇ ದೆವ್ವಗಳು. ಬಾಗಿಲ ಆಚೆ ಬದುಕಿರುವವನು, ಈಚೆ ಬದುಕಿಲ್ಲದವರು. ನಾವೂ ಹಾಗೇ ತಾನೆ, ‘ನಾಳೆ ಬಾ’ ಬರೆದ ಬಾಗಿಲ ಹಿಂದೆ ರಗ್ಗು ಹೊದ್ದು, ಆಚೆಯ ಪ್ರತಿ ಸದ್ದಿಗೆ ಕಿವಿಗೊಟ್ಟು, ಉತ್ತರ ಕೊಡದೆ ಮಲಗಿರುತ್ತಿದ್ದದ್ದು? ಪದ್ಯದೊಳಗೆ ನಾನು ಯಾರು ಅಂತ ಹುಡುಕಿದಾಗ ಕುದುರೆಯ ಮೇಲಿನವನ ಜಾಗ ಸಿಗಲಿಲ್ಲ. ಮೆಟ್ಟಿಲ ಮೇಲೆ ಕತ್ತಲಲ್ಲಿ ನಿಂತವರ ಜಾಗ ಸಿಕ್ಕಿತು. ಆ ಮಧ್ಯಾಹ್ನ ಬೆನ್ನಲ್ಲಿ ಹರಿದ ಚಳಿ ನನಗೆ ಇನ್ನೂ ನೆನಪಿದೆ.

ಕೊಟ್ಟ ಮಾತಿನ ವಿಷಯವೂ ಕಾಡುತ್ತಿತ್ತು. ನಮ್ಮ ಕಣ್ಣಿಗೆ ಕೊಟ್ಟ ಮಾತು ಅಂದರೆ ಪುಣ್ಯಕೋಟಿ. ಗೋವಿನ ಹಾಡನ್ನು ಅಳದೆ ಕೇಳಿದ ಕನ್ನಡದ ಮಗು ಇರಲಿಕ್ಕಿಲ್ಲ. ಹಸು ಕರುವಿಗೆ ಹಾಲೂಡಿಸಿ ಹುಲಿಯ ಗುಹೆಗೆ ವಾಪಸ್ ಬರುತ್ತದೆ, ಬಂದದ್ದನ್ನು ನೋಡಿ ಹುಲಿ ತಾನೇ ಪ್ರಾಣ ಬಿಡುತ್ತದೆ. ಮಾತು ಉಳಿಸಿಕೊಂಡವರನ್ನು ಎದುರಿಗೆ ನಿಂತು ನೋಡುವವರು ಒಬ್ಬರು ಇರುತ್ತಾರೆ, ಅದು ಹುಲಿಯೇ ಆದರೂ. ಡ ಲಾ ಮೇರ್ ಅವರ ಪ್ರಯಾಣಿಕನಿಗೆ ಹುಲಿಯೂ ಇಲ್ಲ. ಮಾತು ಉಳಿಸಿಕೊಂಡು ಬಂದಿದ್ದಾನೆ, ಯಾರಿಗೆ ಕೊಟ್ಟಿದ್ದನೋ ಅವರು ಇಲ್ಲ. ಏನು ಮಾತು, ಯಾಕೆ ತಡವಾಯಿತು, ಒಂದೂ ಪದ್ಯದಲ್ಲಿಲ್ಲ. ಒಳ್ಳೆಯದು ಮಾಡಿದರೂ ನೋಡುವವರು ಇಲ್ಲದೆ ಹೋಗಬಹುದು ಅನ್ನುವುದನ್ನು ಮೊದಲ ಸಲ ನನಗೆ ಹೇಳಿದ್ದು ಈ ಪದ್ಯ. ಹದಿಮೂರು ಹದಿನಾಲ್ಕರ ವಯಸ್ಸಿಗೆ ಅದು ದೊಡ್ಡ ಮಾತು. ಅದನ್ನು ಮಕ್ಕಳ ಕೈಗೆ ಕೊಡುವ ಧೈರ್ಯ ಮಾಡಿದ ಪಠ್ಯಪುಸ್ತಕದ ಬಗ್ಗೆ ನನಗೆ ಗೌರವ ಇದೆ.

‘ಸಾಕಿ’ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಎಚ್. ಎಚ್. ಮನ್ರೋ ಅವರ ‘ದಿ ಓಪನ್ ವಿಂಡೋ’ ಪಾಠದಲ್ಲಿ ನಮಗೆ ಮೊದಲು ಬಂದದ್ದು ಭಯ ಅಲ್ಲ, ಗೊಂದಲ. ಮೂರು ಗಂಡಸರು ಬೇಟೆಗೆ ಕಿಟಕಿಯಿಂದ ಹೋದರು, ಕಿಟಕಿಯಿಂದಲೇ ವಾಪಸ್ ಬರುತ್ತಾರೆ ಅಂದರೆ? ನಮ್ಮ ಕಿಟಕಿಗಳಿಗೆ ಕಬ್ಬಿಣದ ಸರಳು, ಬೆಕ್ಕು ಹೋದರೆ ಹೆಚ್ಚು. ಮೇಡಂ ಬೋರ್ಡಿನ ಮೇಲೆ ನೆಲದವರೆಗೆ ಇಳಿದ ಎರಡು ರೆಕ್ಕೆಯ ಗಾಜಿನ ಬಾಗಿಲು ಬರೆದು, ದಂಡಿನ ಕಡೆ, ರಿಚ್ಮಂಡ್ ಟೌನಿನಲ್ಲಿ ಹಳೆಯ ಬಂಗಲೆಗಳಿವೆ, ಹೋದಾಗ ನೋಡಿ, ಇಂಥದ್ದು ಇರುತ್ತದೆ ಅಂದರು. ಮಂಕಿಟಾಪ್ ಮರದ ಜಾಲರಿಯ ಆ ಬಂಗಲೆಗಳನ್ನು ಬಸ್ಸಿನಿಂದ ನೋಡಿದಾಗೆಲ್ಲ ನನಗೆ ಅಲ್ಲೊಬ್ಬ ಹದಿನೈದು ವರ್ಷದ ವೆರಾ ಕೂತು ಅತಿಥಿಗಳಿಗೆ ಕಥೆ ಹೇಳುತ್ತಿದ್ದಾಳೆ ಅನ್ನಿಸುತ್ತಿತ್ತು.

ವೆರಾ ಹೇಳುವ ಕಥೆ ಏನು? ಮೂರು ವರ್ಷದ ಹಿಂದೆ ಚಿಕ್ಕಮ್ಮನ ಗಂಡ, ಇಬ್ಬರು ತಮ್ಮಂದಿರು ಬೇಟೆಗೆ ಹೋಗಿ ಕೆಸರಿನಲ್ಲಿ ಮುಳುಗಿದರು, ಹೆಣ ಸಿಗಲಿಲ್ಲ. ಅವರು ವಾಪಸ್ ಬರುತ್ತಾರೆ ಅಂತ ಪಾಪ ಚಿಕ್ಕಮ್ಮ ದಿನಾ ಕತ್ತಲಾಗುವ ತನಕ ಆ ಕಿಟಕಿ ತೆರೆದೇ ಇಡುತ್ತಾಳೆ. ಇದನ್ನು ಕೇಳಿದ ಅತಿಥಿ ಫ್ರಾಂಟನ್ ನಟಲ್, ಮೊದಲೇ ನರದೌರ್ಬಲ್ಯದವನು, ಮೂವರು ನಿಜವಾಗಿ ಹುಲ್ಲುಹಾಸಿನ ಮೇಲೆ ನಡೆದು ಬರುವುದನ್ನು ನೋಡಿ ಓಡಿಹೋಗುತ್ತಾನೆ. ಎಲ್ಲಾ ಹುಡುಗಿಯ ಕಟ್ಟುಕಥೆ, ಯಾರೂ ಸತ್ತಿರಲಿಲ್ಲ. ಕ್ಲಾಸಿನಲ್ಲಿ ಎಲ್ಲರೂ ನಕ್ಕೆವು. ಆದರೆ ಕಟ್ಟುಕಥೆಯೊಳಗಿನ ಆ ಚಿಕ್ಕಮ್ಮ, ಕಿಟಕಿ ಮುಚ್ಚದೆ ಕಾಯುವವಳು, ನನಗೆ ನಿಜಕ್ಕಿಂತ ನಿಜವಾಗಿ ಉಳಿದಳು. ಹದಿನೈದರ ಹುಡುಗಿಗೆ ಒಬ್ಬ ಅಪರಿಚಿತನನ್ನು ಹೆದರಿಸಬೇಕಾದಾಗ ಹೊಳೆದದ್ದು ಕೋರೆಹಲ್ಲಲ್ಲ, ರಕ್ತ ಅಲ್ಲ, ಕಾಯುವ ಹೆಂಗಸು. ಸಾಕಿಗೆ ಅದು ಗೊತ್ತಿತ್ತು. ಆತ ಹುಟ್ಟಿದ್ದು 1870ರಲ್ಲಿ ಬರ್ಮಾದ ಅಕ್ಯಾಬ್‌ನಲ್ಲಿ, ಎರಡು ವರ್ಷದ ಕೂಸಾಗಿದ್ದಾಗ ತಾಯಿ ತೀರಿಕೊಂಡರು, ಇಂಗ್ಲೆಂಡಿನಲ್ಲಿ ಅತ್ತೆಯಂದಿರ ಬಿಗಿಯಲ್ಲಿ ಬೆಳೆದರು. 1916ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಗುಂಡೇಟಿಗೆ ಸತ್ತರು.

ನಟಲ್ ಯಾಕೆ ಓಡಿದ ಅಂತ ಕೇಳಿದಾಗ ವೆರಾ ಥಟ್ಟನೆ ಇನ್ನೊಂದು ಕಥೆ ಕಟ್ಟುತ್ತಾಳೆ. ಗಂಗಾ ತೀರದ ಸ್ಮಶಾನದಲ್ಲಿ ಬೀದಿನಾಯಿಗಳು ಅವನನ್ನು ಅಟ್ಟಿಸಿಕೊಂಡು ಹೋಗಿದ್ದವಂತೆ, ಆಗಷ್ಟೇ ತೋಡಿದ ಗುಂಡಿಯಲ್ಲಿ ರಾತ್ರಿಯಿಡೀ ಕಳೆದನಂತೆ. ಇಲ್ಲಿ ಗಂಗೆ. ಮಂಗನ ಪಂಜದಲ್ಲಿ ಫಕೀರ. ಕಾನನ್ ಡಾಯ್ಲ್ ಅವರ ‘ದಿ ಸ್ಪೆಕಲ್ಡ್ ಬ್ಯಾಂಡ್’ ಕಥೆಯಲ್ಲಿ ಇಂಡಿಯಾದ ಹಾವು, ಇಂಡಿಯಾದಿಂದ ತರಿಸಿದ ಚೀತಾ. ಆ ಕಾಲದ ಇಂಗ್ಲಿಷ್ ಓದುಗರಿಗೆ ಭಯ ಹುಟ್ಟಿಸಬೇಕಾದರೆ ನಮ್ಮ ದೇಶದ ಹೆಸರು ಹೇಳಿದರೆ ಸಾಕಿತ್ತು. ಅದೇ ಕಥೆಗಳನ್ನು ಆ ದೇಶದಲ್ಲೇ ಕೂತು ನಾವು ಓದಿದೆವು. ‘ಆ ಫಕೀರ ಮೈಸೂರಿನೋನಾ ಮೇಡಂ?’ ಅಂತ ಒಬ್ಬ ಹುಡುಗ ಆಸೆಯಿಂದ ಕೇಳಿದ್ದ.

ಡಾಯ್ಲ್ ಕಥೆ 1892ರದ್ದು. ಡಾಕ್ಟರ್ ರಾಯ್ಲಟ್ ಹಾವನ್ನು ಬಟ್ಟಲು ಹಾಲು ಮತ್ತು ಸಿಳ್ಳೆಯಿಂದ ಪಳಗಿಸಿ, ಗೋಡೆಯ ಗಾಳಿಕಂಡಿಯಿಂದ ಮಲಮಗಳ ಕೋಣೆಗೆ ಬಿಡುತ್ತಾನೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು ಬಂದ ನಮಗೆ ಆ ಹಾಲಿನ ಬಟ್ಟಲು ತೀರಾ ಮನೆಯದ್ದಾಗಿ ಕಂಡಿತ್ತು. ಇತ್ತೀಚೆಗೆ ಮತ್ತೆ ಓದಿದಾಗ ಹಾವಿಗಿಂತ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಈ ರಾಯ್ಲಟ್ ಹಿಂದೆ ಕಲ್ಕತ್ತಾದಲ್ಲಿ ವೈದ್ಯನಾಗಿದ್ದವನು. ಮನೆಯಲ್ಲಿ ಕಳ್ಳತನವಾಯಿತು ಅನ್ನುವ ಸಿಟ್ಟಿಗೆ ತನ್ನ ಮನೆಯಾಳನ್ನು, ಆ ಊರಿನವನನ್ನು, ಹೊಡೆದು ಕೊಂದಿದ್ದ. ಗಲ್ಲಿನಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡು ಜೈಲು ಅನುಭವಿಸಿ ಬಂದ. ಅಷ್ಟೇ, ಕಥೆ ಮುಂದೆ ಹೋಗುತ್ತದೆ. ಆಳಿಗೆ ಹೆಸರಿಲ್ಲ, ಪತ್ತೇದಾರ ಷರ್ಲಾಕ್ ಹೋಮ್ಸ್ ಅವನ ಬಗ್ಗೆ ಏನೂ ಕೇಳುವುದಿಲ್ಲ. ಇಡೀ ಕಥೆಯಲ್ಲಿ ನಿಜವಾಗಿ ಆಗಬಹುದಾದ, ಆಗುತ್ತಲೂ ಇದ್ದ ಭೀಕರ ಸಂಗತಿ ಅದೊಂದೇ. ಈ ಪಾಠ ಮಾಡುವ ಮೇಷ್ಟರುಗಳಿಗೆ ನನ್ನ ಒಂದು ವಿನಂತಿ, ಆ ಸಾಲಿನ ಹತ್ತಿರ ಒಂದು ನಿಮಿಷ ನಿಲ್ಲಿ. ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಎಡ್ಗರ್ ಅಲನ್ ಪೋ ಅವರ ‘ದಿ ಟೆಲ್-ಟೇಲ್ ಹಾರ್ಟ್’ ನಾನು ಓದಿದ್ದು ಪಿಯುಸಿಯಲ್ಲಿ. 1843ರ ಕಥೆ, ನಾಲ್ಕೈದು ಪುಟ. ಅಲ್ಲಿ ದೆವ್ವವೂ ಇಲ್ಲ, ಶಾಪವೂ ಇಲ್ಲ. ಮುದುಕನ ಒಂದು ಕಣ್ಣನ್ನು ಸಹಿಸಲಾರದೆ ಕೊಲ್ಲಲು ಹೊರಟವನೇ ಕಥೆ ಹೇಳುತ್ತಾನೆ. ಪ್ರತಿ ನಡುರಾತ್ರಿ ಅವನ ಕೋಣೆಯ ಬಾಗಿಲನ್ನು ಕೂದಲೆಳೆಯಷ್ಟಾಗಿ ತೆರೆಯುತ್ತಾನೆ, ತಲೆ ಒಳಗೆ ತೂರಿಸಲು ಒಂದು ಗಂಟೆ ಹಿಡಿಯಿತು ಅಂತ ಹೆಮ್ಮೆಯಿಂದ ಹೇಳುತ್ತಾನೆ, ಮುದುಕನ ಎದೆಬಡಿತ ತನಗೆ ಕೇಳಿಸಿತು ಅನ್ನುತ್ತಾನೆ. ಇಲ್ಲಿಯವರೆಗೆ ನಾವು ಬಾಗಿಲ ಒಳಗಿದ್ದು ಹೆದರಿದವರು. ಪೋ ನಮ್ಮನ್ನು ಬಾಗಿಲು ತೆರೆಯುವ ಕೈಯೊಳಗೆ ಕೂರಿಸಿದರು. ವಠಾರದಲ್ಲಿ ಪಕ್ಕದ ಮನೆಯ ಕೆಮ್ಮು, ಗಡಿಯಾರ, ಜಗಳ ಎಲ್ಲಾ ಗೋಡೆ ದಾಟಿ ಬರುತ್ತಿತ್ತು. ಬೇರೆಯವರ ಎದೆಬಡಿತವೂ ಕೇಳಿಸಬಹುದು ಅನ್ನುವುದನ್ನು ನಂಬಲು ನನಗೆ ಕಷ್ಟವಾಗಲಿಲ್ಲ.

ಪರೀಕ್ಷೆಗೆ ಬಂದದ್ದು ಇದ್ಯಾವುದೂ ಅಲ್ಲ. ‘ಈ ಮಾತನ್ನು ಯಾರು ಯಾರಿಗೆ ಹೇಳಿದರು?’ ಎರಡು ಅಂಕ. ಅವೆನ್ಯೂ ರಸ್ತೆಯಿಂದ ತಂದ ಗೈಡಿನ ಉತ್ತರ ಬಾಯಿಪಾಠ ಮಾಡಿ ಬರೆದೆವು. ಅದಕ್ಕೆ ನನ್ನ ತಕರಾರೇನೂ ಇಲ್ಲ. ಭಯದ ಕಥೆಗಳು ಚಿಕ್ಕ ಮನಸ್ಸಿಗೆ ಒಳ್ಳೆಯದಲ್ಲ, ತೆಗೆದುಹಾಕಬೇಕು ಅನ್ನುವ ತಂದೆತಾಯಂದಿರನ್ನು ಕಂಡಾಗ ಮಾತ್ರ ನನಗೆ ಸುಮ್ಮನಿರಲು ಆಗುವುದಿಲ್ಲ. ಮಕ್ಕಳ ಮನಸ್ಸಿನಲ್ಲಿ ಸಾವಿನ ಪ್ರಶ್ನೆಗಳು ಕಥೆ ಓದುವ ಮೊದಲೇ ಇರುತ್ತವೆ. ತಾತ ಎಲ್ಲಿಗೆ ಹೋದರು, ವಾಪಸ್ ಬಂದರೆ ಗುರುತು ಸಿಗುತ್ತದಾ, ಬಂದರೆ ಬಾಗಿಲು ತೆಗೆಯಬೇಕಾ? ಇದನ್ನು ಅಪ್ಪ ಅಮ್ಮನ ಹತ್ತಿರ ಕೇಳಲು ಆಗುವುದಿಲ್ಲ. ಒಂದು ಕ್ಲಾಸಿನ ಮಕ್ಕಳೆಲ್ಲಾ ಒಟ್ಟಿಗೆ ಕೂತು, ಹಗಲು ಹೊತ್ತಿನಲ್ಲಿ, ನಂಬುವ ಒಬ್ಬ ಟೀಚರ್ ದನಿಯಲ್ಲಿ ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಸುರಕ್ಷಿತ ಜಾಗ ಬೇರೆ ಯಾವುದಿದೆ?

ಈಗ ನಾವಿರುವುದು ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಭಾನುವಾರ ಸಂಜೆ ಕ್ಲಬ್‌ಹೌಸಿನ ಪುಟ್ಟ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದುತ್ತೇನೆ. ಮೊನ್ನೆ ಮಂಗನ ಪಂಜದ ಕಥೆ ತೆಗೆದುಕೊಂಡೆ. ನಮ್ಮ ಮೇಡಂ ಕ್ರಮದಲ್ಲೇ, ಒಂದು ವಾಕ್ಯ ಇಂಗ್ಲಿಷಿನಲ್ಲಿ, ಒಂದು ಕನ್ನಡದಲ್ಲಿ. ಈ ಮಕ್ಕಳ ಮನೆಗೆ ಹೇಳದೆ ಕೇಳದೆ ಯಾರೂ ಬಾಗಿಲು ತಟ್ಟುವುದಿಲ್ಲ. ಗೇಟಿನಲ್ಲಿ ಸೆಕ್ಯುರಿಟಿಯವರು ಮೊದಲು ಫೋನಿಗೆ ಕೇಳುತ್ತಾರೆ, ಆಮೇಲೆ ಲಿಫ್ಟ್, ಆಮೇಲೆ ಕ್ಯಾಮೆರಾ ಇರುವ ಬೆಲ್. ಕಥೆ ಇವರಿಗೆ ತಾಗುತ್ತದೋ ಇಲ್ಲವೋ ಅಂತ ನನಗೆ ಅಳುಕಿತ್ತು. ‘ಕ್ಯಾಮೆರಾದಲ್ಲಿ ನೋಡಬಹುದಿತ್ತಲ್ಲ ಆಂಟಿ’ ಅಂತ ಒಬ್ಬ ಹುಡುಗ ಅಂದದ್ದೂ ಹೌದು. ‘ನೋಡಿದ್ರೆ ನೀನು ಬಾಗ್ಲು ತೆಗೀತಿದ್ಯಾ?’ ಅಂತ ಪಕ್ಕದ ಹುಡುಗಿ ಕೇಳಿದಳು. ಅವನು ಉತ್ತರ ಕೊಡಲಿಲ್ಲ.

ಮುಗಿದ ಮೇಲೆ ಅದೇ ಹುಡುಗಿ ಕೇಳಿದ ಪ್ರಶ್ನೆಯನ್ನು ನಾನು ಇಷ್ಟು ವರ್ಷದಲ್ಲಿ ಕೇಳಿಕೊಂಡಿರಲಿಲ್ಲ. ‘ಮೂರನೇ ವರ ಏನು ಕೇಳ್ದ ಅಂತ ಬರ್ದೇ ಇಲ್ವಲ್ಲ?’ ಹೌದು, ಇಲ್ಲ. ಮೂರನೆಯ ಮತ್ತು ಕೊನೆಯ ವರ ಕೇಳಿದ ಅಂತಷ್ಟೇ ಇದೆ. ಸತ್ತುಹೋಗಲಿ ಅಂದಿರುತ್ತಾನೆ ಅಂತ ನಾವೆಲ್ಲಾ ತಿಳಿದುಕೊಂಡಿದ್ದೇವೆ, ಜೇಕಬ್ಸ್ ಹಾಗೆ ಬರೆದಿಲ್ಲ. ‘ಮಗ ಮೊದ್ಲಿನ ಥರಾನೇ ಆಗ್ಲಿ ಅಂತ ಯಾಕೆ ಕೇಳ್ಬಾರ್ದಿತ್ತು?’ ಅಂದಳು. ‘ಆ ಪಂಜ ಒಳ್ಳೇದನ್ನ ಕೇಳಿದ್ರೂ ಕೆಟ್ಟದಾಗಿ ಕೊಡುತ್ತಲ್ಲ, ಅಪ್ಪಂಗೆ ಅದರ ಮೇಲೆ ನಂಬಿಕೆ ಹೋಗಿತ್ತು’ ಅಂತ ದೊಡ್ಡ ಹುಡುಗನೊಬ್ಬ. ‘ಅವನು ಇನ್ನೂರು ಪೌಂಡ್ ಕೇಳ್ದೇ ಇರ್ಲಿ ಅಂತ ಕೇಳ್ಬೇಕಿತ್ತು’ ಅಂತ ಇನ್ನೊಬ್ಬ. ಎಲ್ಲರಿಗಿಂತ ಚಿಕ್ಕವನು ಮಾತ್ರ, ‘ಮಲಗಿಕೋ ಅಂದಿರ್ತಾನೆ. ನಮ್ಮಪ್ಪ ಹಾಗೇ ಅನ್ನೋದು’ ಅಂದ. ಲೈಬ್ರರಿಗೆ ಬೀಗ ಹಾಕುವ ಹೊತ್ತಾದರೂ ಜಗಳ ಮುಗಿಯಲಿಲ್ಲ. ಲಿಫ್ಟಿನೊಳಗೂ ಮೂರನೇ ವರದ್ದೇ ಮಾತು. ಮುಂದಿನ ಭಾನುವಾರ ಪ್ರತಿಯೊಬ್ಬರೂ ತಮ್ಮ ತಮ್ಮ ಮೂರನೇ ವರ ಬರೆದುಕೊಂಡು ಬರಬೇಕು ಅಂತ ಅವರವರೇ ತೀರ್ಮಾನ ಮಾಡಿಕೊಂಡಿದ್ದಾರೆ, ಆಂಟಿಯೂ ಬರೆಯಬೇಕಂತೆ.